ಪಾಪರ್ ಅರ್ಜಿಗೆ ಟ್ರಸ್ಟಿಗಳು ಅಡ್ಡ ನಿಲ್ಲಬಹುದೇ?

ಕಾಫಿ ಕುಯ್ಲು ಮುಗಿದು, ಕಣದ ಲೆಕ್ಕ ಚುಕ್ತಾ ಆಗಿ, ಸಾಲ ಕೊಟ್ಟವರ ನೋಟೀಸುಗಳು ಬರತೊಡಗುವ ಹೊತ್ತಿಗೆ ಮಡಿಕೇರಿಯ ನನ್ನ ಕಚೇರಿಗೆ ಈ ಪ್ರಶ್ನೆ ಬಂದೇ ಬರುತ್ತದೆ. ಕೆಲವರು ಫೈಲು ಹಿಡಿದು ಬರುತ್ತಾರೆ. ಇನ್ನು ಕೆಲವರು ಮದುವೆ ಮನೆಯಲ್ಲಿ ಕೈ ತೊಳೆಯುವ ಜಾಗದಲ್ಲೇ ಹಿಡಿದು ನಿಲ್ಲಿಸುತ್ತಾರೆ. "ಲಾಯರ್ ಸಾರ್, ನಾವು ಟ್ರಸ್ಟಿಗಳು. ಸಾಲ ಕೊಟ್ಟ ಒಬ್ಬ ಆಸಾಮಿ ನಮ್ಮವರ ಮೇಲೆ ಪಾಪರ್ ಅರ್ಜಿ ಹಾಕಿದ್ದಾನೆ. ನಾವು ಕೋರ್ಟಿಗೆ ಹೋಗಿ ಅದು ಆಗಕೂಡದು ಅನ್ನಬಹುದಾ?"

ಅನ್ನಬಹುದು. ಆದರೆ ಕೋರ್ಟು ನಿಮ್ಮನ್ನು ಕರೆದಿರುವುದಿಲ್ಲ, ನೀವೇ ಬಾಗಿಲು ತಟ್ಟಬೇಕು. ತಟ್ಟುವುದು ಲಾಭವೋ ನಷ್ಟವೋ ಎಂಬುದು ಬೇರೆ ಮಾತು, ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲು ಮಾತಿನ ಗೊಂದಲ. ಜನ 'ಪಾಪರ್' ಅನ್ನುವುದನ್ನು ಕಾಯ್ದೆ 'ದಿವಾಳಿ' ಅನ್ನುತ್ತದೆ. ಕೋರ್ಟಿನಲ್ಲಿ ಪಾಪರ್ ಎಂದರೆ ಶುಲ್ಕ ಕಟ್ಟಲಾಗದೆ ದಾವೆ ಹೂಡುವ ಬಡವ, ಅದೇ ಬೇರೆ. ನಮ್ಮ 'ಸಾಲಗಾರ'ನಂತೂ ಎರಡು ತಲೆಯ ಹಾವು: ಸಾಲ ಮಾಡಿದವನೂ ಸಾಲಗಾರ, ಬಾಗಿಲಿಗೆ ಬಂದು ಕೂರುವವನೂ ಸಾಲಗಾರ. ಹಾಗಾಗಿ ಇಲ್ಲಿ 'ಸಾಲ ಕೊಟ್ಟವನು', 'ಸಾಲ ಮಾಡಿದವನು' ಎಂದೇ ಬರೆಯುತ್ತೇನೆ. ಇನ್ನು 'ಟ್ರಸ್ಟಿ'. ಲಂಡನ್ನಿನ ಹೈಕೋರ್ಟು 2021ರ ಜುಲೈ 26ರಂದು ವಿಜಯ ಮಲ್ಯರನ್ನು ದಿವಾಳಿ ಎಂದು ಘೋಷಿಸಿದಾಗ ಪತ್ರಿಕೆಗಳಲ್ಲಿ ಓದಿದ ಟ್ರಸ್ಟಿ ಬೇರೆ. ಆತ ಆದೇಶ ಆದ ಮೇಲೆ ಬಂದು ಆಸ್ತಿ ಒಟ್ಟುಮಾಡಿ ಸಾಲ ಕೊಟ್ಟವರಿಗೆ ಹಂಚುವವನು. ಅರ್ಜಿಯ ವಿಚಾರಣೆ ನಡೆಯುವಾಗ ಆತ ಹುಟ್ಟಿಯೇ ಇರುವುದಿಲ್ಲ, ವಿರೋಧಿಸುವ ಮಾತೆಲ್ಲಿ ಬಂತು? ನನ್ನ ಹತ್ತಿರ ಬರುವವರು, ಸಾಲ ಕೊಟ್ಟವರಿಗೆ ಹಂಚಲೆಂದು ಸಾಲ ಮಾಡಿದವನ ಆಸ್ತಿಯನ್ನು ಅರ್ಜಿಗೆ ಮೊದಲೇ ಕೈಗೆ ತೆಗೆದುಕೊಂಡ ಟ್ರಸ್ಟಿಗಳು.

ಯಾವ ಕಾಯ್ದೆ ಎಂಬುದರಲ್ಲೂ ಜನ ಎಡವುತ್ತಾರೆ. 2016ರ ದಿವಾಳಿ ಸಂಹಿತೆ ಬಂದಿದೆಯಲ್ಲ, ಹಳೆಯದೆಲ್ಲ ಹೋಯಿತಲ್ಲ ಎಂದು ಯೂಟ್ಯೂಬ್ ನೋಡಿ ಬಂದವರು ಹೇಳುತ್ತಾರೆ. ಕಂಪನಿಗಳ ಮಟ್ಟಿಗೆ ಸರಿ. ವ್ಯಕ್ತಿಗಳ ಭಾಗದಲ್ಲಿ, 2019ರ ಡಿಸೆಂಬರ್ 1ರಿಂದ, ಕಂಪನಿ ಸಾಲಕ್ಕೆ ಸ್ವಂತ ಜಾಮೀನು ಕೊಟ್ಟವರಿಗೆ ಮಾತ್ರ ಅದು ಜಾರಿಗೆ ಬಂದಿದೆ. ತೋಟ ಮಾಡಿ ಸಾಲ ಮಾಡಿಕೊಂಡ ಸಾಮಾನ್ಯ ಬೆಳೆಗಾರನಿಗೆ ಇವತ್ತಿಗೂ 1920ರ ಪ್ರಾಂತೀಯ ದಿವಾಳಿ ಕಾಯ್ದೆಯೇ. ಅದು ಎಷ್ಟು ಹಳೆಯದೆಂದರೆ ಸಾಲ ಕೊಟ್ಟವನು ಅರ್ಜಿ ಹಾಕಲು ಅದರಲ್ಲಿ ಬರೆದಿರುವ ಕನಿಷ್ಠ ಬಾಕಿ 500 ರೂಪಾಯಿ. ಈಗ ಅಷ್ಟಕ್ಕೆ ಒಂದು ಕಿಲೋ ಕಾಳುಮೆಣಸು ಸಿಕ್ಕಿದರೆ ಅದೃಷ್ಟ.

ಈಗ ಒಂದು ಕೇಸು ಹೇಳುತ್ತೇನೆ. ಗುರುತು ಸಿಗದಂತೆ ಒಂದೆರಡು ವಿವರ ಬದಲಿಸಿದ್ದೇನೆ.

ಸೋಮವಾರಪೇಟೆ ಕಡೆಯ ಒಬ್ಬ ಬೆಳೆಗಾರರು. 2018ರ ಆಗಸ್ಟ್ ಮಳೆಯಲ್ಲಿ ತೋಟದ ಒಂದು ಬದಿ ಗುಡ್ಡದ ಸಮೇತ ಜಾರಿತ್ತು, ಉಳಿದ ಗಿಡಗಳಲ್ಲಿ ಕಾಯಿ ಉದುರಿತ್ತು. ಗೊಬ್ಬರದ ಅಂಗಡಿಯ ಬಾಕಿ, ಡ್ರೈಯರಿಗೆ ಮಾಡಿದ ಸಾಲ, ಇಬ್ಬರು ವ್ಯಾಪಾರಿಗಳಿಂದ ತಂದ ಮುಂಗಡ, ಮೇಲಿಂದ ಕೈಸಾಲ, ಎಲ್ಲ ಸೇರಿ ಹನ್ನೊಂದು ಜನರಿಗೆ ಕೊಡಬೇಕಿತ್ತು. ಮನುಷ್ಯ ಮರ್ಯಾದಸ್ಥರು. ಎಲ್ಲರನ್ನೂ ಮನೆಗೆ ಕರೆದು, ಕಾಫಿ ಕೊಟ್ಟು, ಇದ್ದದ್ದನ್ನೆಲ್ಲ ಮೂವರು ಟ್ರಸ್ಟಿಗಳ ಹೆಸರಿಗೆ ಬರೆದುಕೊಡುತ್ತೇನೆ, ಅವರು ಫಸಲು ಮಾರಿ, ಸಾಲದಿದ್ದರೆ ಜಾಗ ಮಾರಿ, ಎಲ್ಲರಿಗೂ ಸಾಲದ ಪ್ರಮಾಣಕ್ಕೆ ತಕ್ಕಂತೆ ಹಂಚಲಿ ಅಂದರು. ಪತ್ರ ನೋಂದಣಿ ಆಯಿತು. ಟ್ರಸ್ಟಿಗಳಾಗಿ ಅವರ ಭಾವಮೈದುನ, ಒಬ್ಬ ನಿವೃತ್ತ ಬ್ಯಾಂಕ್ ನೌಕರ, ಒಬ್ಬ ಮೆಣಸು ವ್ಯಾಪಾರಿ. ಹನ್ನೊಂದರಲ್ಲಿ ಒಂಬತ್ತು ಜನ ಸಹಿ ಹಾಕಿದರು. ಹಾಕದ ಇಬ್ಬರಲ್ಲಿ ಒಬ್ಬರು ಕೋರ್ಟಿಗೆ ಹೋದರು.

ಅರ್ಜಿಯ ನಕಲು ಓದಿ ಆ ಭಾವಮೈದುನರ ಮುಖ ಕೆಂಪಾಗಿತ್ತು. ಕಾರಣ, ಬೆಳೆಗಾರರು ದಿವಾಳಿ ಎನ್ನಲು ಅರ್ಜಿದಾರ ತೋರಿಸಿದ್ದ ಒಂದೇ ಒಂದು ಆಧಾರ ಈ ಪತ್ರವೇ. "ಎಲ್ಲರಿಗೂ ಸಮನಾಗಿ ಕೊಡ್ತೀವಿ ಅಂತ ಬರೆದದ್ದೇ ಅಪರಾಧವಾ ಸಾರ್?"

ಅಪರಾಧ ಅಲ್ಲ, ಆದರೆ ದಿವಾಳಿ ಕೃತ್ಯ ಹೌದು, ಅಂದರೆ ದಿವಾಳಿ ಅರ್ಜಿಗೆ ಆಧಾರವಾಗುವ ನಡೆ. ಕಾಯ್ದೆಯ 6ನೇ ಕಲಮು ಇಂಥ ಕೃತ್ಯಗಳನ್ನು ಪಟ್ಟಿ ಮಾಡುವಾಗ ಮೊದಲ ಸಾಲಿನಲ್ಲೇ ಇದನ್ನು ಇಟ್ಟಿದೆ: ಸಾಲ ಕೊಟ್ಟವರೆಲ್ಲರ ಹಿತಕ್ಕಾಗಿ ತನ್ನ ಎಲ್ಲ ಅಥವಾ ಹೆಚ್ಚುಕಡಿಮೆ ಎಲ್ಲ ಆಸ್ತಿಯನ್ನು ಮೂರನೆಯವರಿಗೆ ವರ್ಗಾಯಿಸುವುದು. ಮೊದಲು ಓದಿದಾಗ ನನಗೂ ವಿಚಿತ್ರ ಅನಿಸಿತ್ತು. ಈಗ ಅನಿಸುವುದಿಲ್ಲ. ಸಾಲ ಮಾಡಿದವನು ತನ್ನ ಭಾವಮೈದುನನನ್ನೇ ಕೂರಿಸಿ "ಇವರು ಹಂಚುತ್ತಾರೆ" ಅಂದರೆ, ಆ ಭಾವಮೈದುನನನ್ನು ನಂಬದ ಮನುಷ್ಯನಿಗೆ ಹೋಗಲು ಒಂದು ಬಾಗಿಲು ಬೇಕಲ್ಲ? ಆಸ್ತಿ ವಹಿಸಿಕೊಳ್ಳಲು ಕೋರ್ಟು ನೇಮಿಸಿದ ಅಧಿಕಾರಿ, ಅಂದರೆ ರಿಸೀವರ್, ಹಂಚಲಿ ಎಂದು ಕೇಳುವ ಹಕ್ಕು ಅವನಿಗಿದೆ.

ಹಾಗಾದರೆ ಟ್ರಸ್ಟಿಗಳು ಏನು ಹಿಡಿದು ವಿರೋಧಿಸಬೇಕು?

ಭಾವಮೈದುನರು ಒಂದು ಕ್ಯಾಲೆಂಡರು ತಂದಿದ್ದರು, ಗೋಡೆಯಿಂದ ಮೊಳೆ ಸಮೇತ ಕಿತ್ತಂತಿತ್ತು. ಅರ್ಜಿ ಹಾಕಲು ಆ ಕೃತ್ಯ ನಡೆದು ಮೂರು ತಿಂಗಳೊಳಗೆ ಬರಬೇಕು ಎಂದು ಯಾರೋ ಹೇಳಿದ್ದರು, ಅದು 9ನೇ ಕಲಮಿನಲ್ಲಿ ಇರುವುದು ನಿಜ. ಮೂರು ತಿಂಗಳು ಒಂದು ಭಾನುವಾರಕ್ಕೆ ತುಂಬಿತ್ತು, ಕೋರ್ಟಿನ ಸೀಲು ಸೋಮವಾರದ್ದು. ಭಾನುವಾರಕ್ಕೆ ಕೆಂಪು ಪೆನ್ನಿನಲ್ಲಿ ಎರಡು ಸುತ್ತು ಹಾಕಿಕೊಂಡು ಬಂದಿದ್ದರು, ಗೆದ್ದೇಬಿಟ್ಟೆವು ಎಂಬಂತೆ. ಅದೇ ಕಲಮಿನ ಕೆಳಗೆ ಒಂದು ಉಪವಾಕ್ಯ ಇದೆ: ಅವಧಿ ಮುಗಿಯುವ ದಿನ ಕೋರ್ಟು ಮುಚ್ಚಿದ್ದರೆ, ತೆರೆದ ದಿನ ಹಾಕಬಹುದು. ಅದನ್ನು ಓದಿ ಹೇಳಿದಾಗ ಅವರು ಕ್ಯಾಲೆಂಡರನ್ನು ನಿಧಾನವಾಗಿ ಸುತ್ತಿ ಮಡಿಲಲ್ಲಿಟ್ಟುಕೊಂಡರು.

ಆಮೇಲೆ ನಿವೃತ್ತ ಬ್ಯಾಂಕ್ ನೌಕರರು ತಂದಿದ್ದ ಚೀಲ ಬಿಚ್ಚಿದೆವು. ತೋಟದ ಲೆಕ್ಕ ಬರೆಯುವ ರೈಟರ್ ಬರೆದ ಕಾರ್ಬನ್ ಚೀಟಿ ಪುಸ್ತಕ, ಆಳುಗಳ ಹಾಜರಿಯ ಚೆಕ್‌ರೋಲ್, ಮೆಣಸು ಮಾರಿದ ಬಿಲ್ಲುಗಳು. ರಬ್ಬರ್‌ಬ್ಯಾಂಡ್ ಹಾಕಿದ ಆ ಚೀಟಿ ಪುಸ್ತಕದಲ್ಲಿ ಅರ್ಜಿದಾರರ ಸಹಿ ಇತ್ತು. ಟ್ರಸ್ಟಿಗಳು ಮೊದಲ ಸಲ ಮೆಣಸು ಮಾರಿ ಹಂಚಿದಾಗ ಅವರೂ ತಮ್ಮ ಪಾಲಿನ 40,000 ರೂಪಾಯಿ ಪಡೆದಿದ್ದರು. ರೈಟರ್ ದುಂಡಗಿನ ಅಕ್ಷರದಲ್ಲಿ "ಟ್ರಸ್ಟ್ ಪತ್ರದ ಲೆಕ್ಕಕ್ಕೆ" ಎಂದು ಬರೆದಿದ್ದ, ಕೆಳಗೆ ಸಹಿ. ಪತ್ರಕ್ಕೆ ಸಹಿ ಹಾಕಿಲ್ಲ, ಆದರೆ ಪತ್ರದ ಫಲ ಉಂಡಿದ್ದಾರೆ.

ಇದು ನಿಜವಾದ ಆಯುಧ. ಪತ್ರಕ್ಕೆ ಒಪ್ಪಿದವನು, ಇಲ್ಲವೇ ಒಪ್ಪಿದಂತೆ ನಡೆದುಕೊಂಡವನು, ಆಮೇಲೆ ಅದೇ ಪತ್ರವನ್ನು ದಿವಾಳಿ ಕೃತ್ಯ ಎಂದು ಬೆರಳು ತೋರಿಸಲು ಬರುವುದಿಲ್ಲ. ಇಂಗ್ಲೆಂಡಿನ ಹಳೆಯ ತೀರ್ಪುಗಳಿಂದ ನಮ್ಮ ಕೋರ್ಟುಗಳವರೆಗೆ ಇಳಿದುಬಂದ ತತ್ವ ಅದು. ಇದನ್ನು ಸಾಬೀತು ಮಾಡಬಲ್ಲವರು ಯಾರು? ಸಾಲ ಮಾಡಿದ ಬೆಳೆಗಾರರ ಹತ್ತಿರ ಆ ಚೀಟಿ ಇಲ್ಲ. ಟ್ರಸ್ಟಿಗಳ ಹತ್ತಿರ ಇದೆ. ಹಾಗಾಗಿ ಅವರು ಕೋರ್ಟಿನಲ್ಲಿ ಇರುವುದಕ್ಕೆ ಅರ್ಥ ಇತ್ತು.

ಆದರೆ ನೋಟೀಸು ಬರುವುದು ಸಾಲ ಮಾಡಿದವನಿಗೆ. ಟ್ರಸ್ಟಿಗಳನ್ನು ಕರೆಯಲೇಬೇಕು ಎಂದು ಕಾಯ್ದೆಯಲ್ಲಿ ಎಲ್ಲೂ ಇಲ್ಲ. ಒಂದು ದಾರಿ, ಸಿವಿಲ್ ಪ್ರಕ್ರಿಯಾ ಸಂಹಿತೆಯ 1ನೇ ಆದೇಶದ 10ನೇ ನಿಯಮದ ಅಡಿ ನಮ್ಮನ್ನೂ ಸೇರಿಸಿಕೊಳ್ಳಿ ಎಂದು ಕೇಳುವುದು. ಸೇರಿಸುವುದು ಬಿಡುವುದು ನ್ಯಾಯಾಧೀಶರ ವಿವೇಚನೆ. ಇನ್ನೊಂದು ದಾರಿ, ಎದುರುವಾದ ಬೆಳೆಗಾರರೇ ಮಾಡಲಿ, ಟ್ರಸ್ಟಿಗಳು ಅವರ ಸಾಕ್ಷಿಗಳಾಗಿ ಬರುವುದು. ಎರಡನೆಯದು ಅಗ್ಗ. ಬೆಳೆಗಾರ ಕೈಚೆಲ್ಲಿ ಕೂತಿದ್ದರೆ ಮಾತ್ರ ಮೊದಲನೆಯದು ಬೇಕೇ ಬೇಕು. ನಮ್ಮವರು ಹಾಗೇ ಕೂತಿದ್ದರು, ಆ ಮಳೆಯಾದ ಮೇಲೆ ಅವರಿಗೆ ಯಾವುದಕ್ಕೂ ಮನಸ್ಸಿರಲಿಲ್ಲ. ಅರ್ಜಿ ಹಾಕಿದೆವು. ನ್ಯಾಯಾಧೀಶರು ಕೇಳಿದ್ದು ಒಂದೇ, ನಿಮಗೆ ಇದರಲ್ಲಿ ಏನು ಸಂಬಂಧ? ದಿವಾಳಿ ಆದೇಶ ಆದರೆ 53ನೇ ಕಲಮಿನ ಅಡಿ ಈ ಪತ್ರವನ್ನೇ ರದ್ದು ಮಾಡಿಸಲು ರಿಸೀವರ್ ಬರಬಹುದು, ಪತ್ರವಾಗಿ ಎರಡು ವರ್ಷದೊಳಗೆ ಅರ್ಜಿ ಬಂದಿದೆಯಲ್ಲ; ಆಸ್ತಿ ನಮ್ಮ ಕೈಯಲ್ಲಿದೆ, ಅದನ್ನು ಕಾಯುವುದು ನಮ್ಮ ಹೊಣೆ ಅಂದೆವು. ಸಾಲ ಮಾಡಿದವರು ಒಳ್ಳೆಯವರು, ಮರ್ಯಾದಸ್ಥರು ಎಂಬ ವಾದ ನಾವು ಎತ್ತಲೇ ಇಲ್ಲ. ಟ್ರಸ್ಟಿಗಳಿಗೆ ಸೇರಿದ ಮಾತಲ್ಲ ಅದು.

ಇದರ ಜೊತೆ 25ನೇ ಕಲಮು ಇನ್ನೊಂದು ಕಿಟಕಿ ತೆರೆದಿಟ್ಟಿದೆ. ಬೇರೆ ಯಾವುದೇ ಸಾಕಷ್ಟು ಕಾರಣವಿದ್ದರೂ ಅರ್ಜಿ ವಜಾ ಮಾಡಬಹುದು ಎನ್ನುತ್ತದೆ. ಒಂಬತ್ತು ಜನ ಒಪ್ಪಿದ್ದಾರೆ, ಹಂಚಿಕೆ ನಡೆಯುತ್ತಿದೆ, ಲೆಕ್ಕ ತೆರೆದಿದೆ ಎಂದು ತೋರಿಸಬಹುದು. ಬರೀ ಅದರ ಮೇಲೆ ಭರವಸೆ ಇಟ್ಟು ಹೋಗಬೇಡಿ ಎಂದು ನಾನು ಹೇಳುತ್ತೇನೆ. ಹೆಚ್ಚು ಜನ ಒಪ್ಪಿದರು ಎಂಬುದು ಒಪ್ಪದವನ ಹಕ್ಕನ್ನು ತಿನ್ನುವುದಿಲ್ಲ.

ನಡುವೆ ಮೆಣಸು ವ್ಯಾಪಾರಿ ಟ್ರಸ್ಟಿಗೆ ಒಂದು ಉಪಾಯ ಹೊಳೆಯಿತು. "ಅವನ ಬಾಕಿ ಪೂರ್ತಿ ಬಿಸಾಕಿ ಬಾಯಿ ಮುಚ್ಚಿಸೋಣ ಸಾರ್." ಈ ಉಪಾಯ ಎಲ್ಲರಿಗೂ ಹೊಳೆಯುತ್ತದೆ. ದಯವಿಟ್ಟು ಬೇಡ. ಎಲ್ಲರಿಗೂ ಪ್ರಮಾಣಕ್ಕೆ ತಕ್ಕಂತೆ ಕೊಡುತ್ತೇವೆ ಎಂದು ಸಹಿ ಹಾಕಿದವರು ಒಬ್ಬನಿಗೆ ಮಾತ್ರ ಪೂರ್ತಿ ಕೊಟ್ಟರೆ ಉಳಿದ ಹತ್ತು ಜನರಿಗೆ ಉತ್ತರ ಹೇಳಬೇಕಾದವರು ಅವರೇ, ಅದೂ ಸ್ವಂತ ಜೇಬಿನಿಂದ. ಮೇಲಾಗಿ ದಿವಾಳಿ ಅರ್ಜಿಯನ್ನು ಹಾಕಿದವನೂ ಕೋರ್ಟಿನ ಅನುಮತಿ ಇಲ್ಲದೆ ಹಿಂತೆಗೆಯಲಾರ, ಅದು 14ನೇ ಕಲಮು. ಅವನು ಸುಮ್ಮನಾದರೆ ಸಾಲ ಕೊಟ್ಟ ಇನ್ನೊಬ್ಬನನ್ನು ಅವನ ಜಾಗಕ್ಕೆ ತರಲು 16ನೇ ಕಲಮು ಇದೆ. ಬಾಯಿ ಮುಚ್ಚಿಸುವುದು ಅಷ್ಟು ಸುಲಭವಲ್ಲ.

ಚೀಟಿಯ ನಕಲು ಕೊಟ್ಟ ಮುಂದಿನ ವಾಯಿದೆಗೆ ಅರ್ಜಿದಾರರ ವಕೀಲರೇ ಹಿಂತೆಗೆಯಲು ಅನುಮತಿ ಕೇಳಿದರು. ಸಿಕ್ಕಿತು. ಸಹಿ ಹಾಕದ ಹನ್ನೊಂದನೆಯವರು ಕೊನೆವರೆಗೂ ಬರಲಿಲ್ಲ, ಆದರೆ ಅವರ ಪಾಲು ತೆಗೆದಿಟ್ಟಿದ್ದೆವು.

ಇನ್ನು ಬೇರೆ ತರದ ಟ್ರಸ್ಟಿಗಳು. ಊರಿನ ಶಾಲೆಯದೋ ದೇವಸ್ಥಾನದ್ದೋ ಟ್ರಸ್ಟು ಇದೆ, ಅದರ ಅಧ್ಯಕ್ಷರ ಮೇಲೆ ಅವರ ಸ್ವಂತ ಸಾಲಕ್ಕೆ ದಿವಾಳಿ ಅರ್ಜಿ ಬಂದಿದೆ, ಟ್ರಸ್ಟಿನ ಜಾಗ ಹೋಗುತ್ತದಾ ಎಂದು ಗಾಬರಿ. ಇಲ್ಲಿ ಅರ್ಜಿಯನ್ನು ವಿರೋಧಿಸಲು ಓಡಬೇಡಿ. ಇನ್ನೊಬ್ಬರ ಪರವಾಗಿ ಹಿಡಿದ ಆಸ್ತಿ ದಿವಾಳಿಯಾದವನ ಸಾಲಕ್ಕೆ ಹೋಗುವುದಿಲ್ಲ. ರಿಸೀವರ್ ಕೈ ಹಾಕಿದರೆ ಆಗ ಆಸ್ತಿ ಯಾರದು ಎಂದು ಅದೇ ಕೋರ್ಟಿನಲ್ಲಿ 4ನೇ ಕಲಮಿನ ಅಡಿ ತೀರ್ಮಾನಿಸಿಕೊಳ್ಳಬಹುದು. ರಿಸೀವರ್ ಮಾಡಿದ ಕೆಲಸದ ಬಗ್ಗೆ ದೂರು ಕೊಡಲು 21 ದಿನ, ಅದು 68ನೇ ಕಲಮು. ದಿನ ಎಣಿಸಿಕೊಳ್ಳಿ.

ಒಕ್ಕದ, ಅಂದರೆ ಕೊಡವ ಕೂಡುಕುಟುಂಬದ, ವಂಶಪಾರಂಪರ್ಯವಾಗಿ ಬಂದ ಜಮ್ಮಾ ಜಾಗವನ್ನು ಒಬ್ಬರೇ ಟ್ರಸ್ಟಿಗಳಿಗೆ ಬರೆದುಕೊಟ್ಟ ಕೇಸುಗಳೂ ಬರುತ್ತವೆ. ಪಹಣಿಯಲ್ಲಿ ಪಟ್ಟೆದಾರರ, ಅಂದರೆ ಒಕ್ಕದ ಹಿರಿಯರ, ಹೆಸರಿನ ಜೊತೆ ಹತ್ತಾರು ಹೆಸರು ಇರುತ್ತದೆ, ಭಾಗ ಆಗಿರುವುದಿಲ್ಲ. ಅಲ್ಲಿ ಟ್ರಸ್ಟಿಗಳ ಕೈಗೆ ಬಂದದ್ದಾದರೂ ಏನು ಎಂಬುದೇ ಮೊದಲ ಪ್ರಶ್ನೆ, ದಿವಾಳಿ ಅರ್ಜಿ ಎರಡನೆಯದು.

ಖರ್ಚಿನ ಮಾತು ಆಗಲೇ ಹೇಳುತ್ತೇನೆ ಅಂದಿದ್ದೆ. 1882ರ ಟ್ರಸ್ಟ್ ಕಾಯ್ದೆಯ 13ನೇ ಕಲಮು ಟ್ರಸ್ಟ್ ಆಸ್ತಿಯ ರಕ್ಷಣೆಗೆ ಬೇಕಾದ ದಾವೆ ನಡೆಸಲೇಬೇಕು ಎನ್ನುತ್ತದೆ, 32ನೆಯದು ಸರಿಯಾಗಿ ಮಾಡಿದ ಖರ್ಚನ್ನು ಆ ಆಸ್ತಿಯಿಂದ ತೆಗೆದುಕೊಳ್ಳಲು ಬಿಡುತ್ತದೆ. ಆದರೆ ಪತ್ರವೇ ಬಿದ್ದುಹೋದರೆ ಆಸ್ತಿ ರಿಸೀವರ್ ಕೈಗೆ ಹೋಗಿರುತ್ತದೆ, ನೀವು ವಕೀಲರಿಗೆ ಕೊಟ್ಟ ಫೀಸು ಹಿಂದಿರುಗಿ ಬರುತ್ತದೆ ಎಂದು ನಾನು ಬರೆದುಕೊಡಲಾರೆ. ಇದು ನನ್ನ ಹೊಟ್ಟೆಯ ಮೇಲೆ ನಾನೇ ಹೊಡೆದುಕೊಂಡ ಹಾಗೆ ಅಂತ ಗೊತ್ತು. ಆದರೂ ಹೇಳುತ್ತೇನೆ: ಕೈಯಲ್ಲಿ ಗಟ್ಟಿ ಕಾಗದ ಇಲ್ಲದಿದ್ದರೆ ವಿರೋಧ ಬೇಡ, ಲೆಕ್ಕದ ಪುಸ್ತಕಗಳನ್ನು ಕೋರ್ಟಿಗೆ ಒಪ್ಪಿಸಿ ಮನೆಗೆ ಹೋಗಿ. ಕೋರ್ಟಿಗೆ ಹೋಗುವುದೇ ಆದರೆ ಟ್ರಸ್ಟಿಗಳೆಲ್ಲರೂ ಸೇರಿ ಹೋಗಬೇಕು, ಒಬ್ಬ ಬೆಂಗಳೂರಿನಲ್ಲಿ ಇದ್ದಾನೆ, ಇನ್ನೊಬ್ಬ ಮಾತಾಡುತ್ತಿಲ್ಲ ಎಂದರೆ ನಡೆಯದು. ಆದೇಶ ವಿರುದ್ಧವಾಗಿ ಬಂದರೆ ಬಾಧಿತ ವ್ಯಕ್ತಿ ಎಂದು 75ನೇ ಕಲಮಿನ ಅಡಿ ಮೇಲ್ಮನವಿಯ ಮಾತು ಬರುತ್ತದೆ, ಅದಕ್ಕೆ ಬೇರೆ ದಿನ ಬನ್ನಿ.

ಬರುವಾಗ ಕ್ಯಾಲೆಂಡರು ಬೇಡ, ನನ್ನ ಗೋಡೆಯಲ್ಲಿ ಇದೆ. ನೋಂದಾಯಿತ ಪತ್ರ, ಸಹಿ ಹಾಕಿದವರ ಪಟ್ಟಿ, ಕೋರ್ಟಿನ ನೋಟೀಸು, ರೈಟರ್‌ನ ಚೀಟಿ ಪುಸ್ತಕ ತನ್ನಿ. ಸಾಧ್ಯವಾದರೆ ರೈಟರ್‌ನನ್ನೂ ಕರೆತನ್ನಿ.