ಮೆಟ್ರೋದಲ್ಲಿ ಖರ್ಚಾಗುತ್ತಿದ್ದ ನಿದ್ದೆ

ರಾತ್ರಿ ಒಂದೂವರೆ. ವಿಜಯನಗರದ ನಮ್ಮ ಬೀದಿಯ ನಾಯಿಗಳೂ ಸುಮ್ಮನಾಗಿರುತ್ತಿದ್ದವು, ನನಗೆ ಮಾತ್ರ ಕಣ್ಣು ಮುಚ್ಚುತ್ತಿರಲಿಲ್ಲ. ಹನ್ನೊಂದಕ್ಕೆ ದೀಪ ಆರಿಸಿದರೂ ಅಷ್ಟೇ. ಬೆಳಿಗ್ಗೆ ಆರಕ್ಕೆ ಏಳಲೇಬೇಕು. ಮಗಳ ಡಬ್ಬಿ, ಶಾಲೆಯ ವ್ಯಾನು, ನನ್ನ ಆಫೀಸು. ತಿಂಗಳುಗಟ್ಟಲೆ ಹೀಗೇ ನಡೆಯಿತು. ಒಂದು ದಿನ ಶೂ ಹಾಕಿಕೊಳ್ಳಲು ತಡ ಮಾಡಿದಳೆಂದು ಮಗಳನ್ನು ಗದರಿದೆ. ಅವಳ ಕೆಳತುಟಿ ಅದುರಿದ್ದು ಇಡೀ ದಿನ ಕಣ್ಣ ಮುಂದೆಯೇ ಇತ್ತು. ಅವತ್ತೇ ಬರೆದಿಡಲು ಶುರು ಮಾಡಿದೆ.

ಅವಳ ಯುಕೆಜಿಯ ಎರಡು ಗೆರೆ ಕಾಪಿ ಪುಸ್ತಕದಲ್ಲಿ ಅರ್ಧಕ್ಕರ್ಧ ಹಾಳೆ ಖಾಲಿ ಉಳಿದಿತ್ತು. ಅ, ಆ, ಇ, ಈ ಮುಗಿದಲ್ಲಿಂದ ನನ್ನ ನಿದ್ದೆಯ ಲೆಕ್ಕ. ದೀಪ ಆರಿಸಿದ್ದೆಷ್ಟಕ್ಕೆ, ನಿದ್ದೆ ಹತ್ತಿದ್ದು ಸುಮಾರು ಎಷ್ಟಕ್ಕೆ, ನಡುವೆ ಎಷ್ಟು ಸಲ ಎಚ್ಚರವಾಯಿತು, ಎದ್ದಾಗ ಮೈ ಹೇಗಿತ್ತು. ರಾತ್ರಿ ಗಡಿಯಾರ ನೋಡುವಂತಿಲ್ಲ, ಬೆಳಿಗ್ಗೆ ಅಂದಾಜಿನಲ್ಲಿ ಬರೆಯುವುದು. ಗಡಿಯಾರ ನೋಡಿದಷ್ಟೂ ನಿದ್ದೆ ದೂರ ಹೋಗುತ್ತದೆ ಎನ್ನುವುದು ನನಗೆ ಚೆನ್ನಾಗಿ ಗೊತ್ತಿತ್ತು. ತಮ್ಮ ತನ್ನ ಸ್ಮಾರ್ಟ್ ವಾಚ್ ಕೊಟ್ಟು ನೋಡಿದ. ಅಂಥ ವಾಚು ಕೈಯ ಅಲುಗಾಟ, ನಾಡಿಬಡಿತ ನೋಡಿ ನಿದ್ದೆಯನ್ನು ಊಹಿಸುತ್ತದೆ, ಮಿದುಳಿನ ಅಲೆಗಳನ್ನೇನೂ ಅಳೆಯುವುದಿಲ್ಲ. ನಾನು ಅಲುಗಾಡದೆ ಚಾವಣಿ ನೋಡುತ್ತಿದ್ದ ಹೊತ್ತನ್ನೂ ಅದು ನಿದ್ದೆ ಅಂದುಕೊಂಡಿತು. ಎರಡೇ ದಿನಕ್ಕೆ ವಾಪಸ್ ಕೊಟ್ಟೆ.

ಮೊದಲ ಅನುಮಾನ ಕಾಫಿಯ ಮೇಲೆ. ಕೆಫೀನ್ ಅರ್ಧದಷ್ಟು ಕರಗಲು ಸುಮಾರು 5 ಗಂಟೆ ಬೇಕು. ಸಂಜೆ ಐದರ ಲೋಟದ ಅರ್ಧ ಪಾಲು ರಾತ್ರಿ ಹತ್ತಕ್ಕೂ ಮೈಯಲ್ಲೇ ಇರುತ್ತದೆ. ಬಿಟ್ಟೆ. ಸ್ವಲ್ಪ ವಾಸಿ ಅನ್ನಿಸಿತು, ಅಷ್ಟೇ.

ಆರು ವಾರ, 42 ರಾತ್ರಿ. ಒಂದು ಭಾನುವಾರ ಮಧ್ಯಾಹ್ನ ಪುಸ್ತಕ ಹರಡಿಕೊಂಡು ನೆಲದ ಮೇಲೆ ಕೂತೆ. ಬುಧವಾರಗಳಿಗೆಲ್ಲ ಕೆಂಪು ಪೆನ್ಸಿಲ್ಲಿನಲ್ಲಿ ಸುತ್ತು ಹಾಕಿದೆ. ಆರರಲ್ಲಿ ಐದು ಬುಧವಾರ ಹನ್ನೊಂದೂಕಾಲಿಗೆಲ್ಲ ನಿದ್ದೆ! ಬುಧವಾರ ನನಗೆ ಮನೆಯಿಂದ ಕೆಲಸ. ದಣಿವು ಕಡಿಮೆ ಇರುವ ದಿನವೇ ನಿದ್ದೆ ಚೆನ್ನಾಗಿ ಬರುವುದೆಂದರೆ ಏನರ್ಥ? ಭಾನುವಾರ ರಾತ್ರಿಗಳು ಕೆಟ್ಟದ್ದಕ್ಕೆ ಕಾರಣ ಸುಲಭವಾಗಿ ಸಿಕ್ಕಿತು, ಬೆಳಿಗ್ಗೆ ಎಂಟೂವರೆವರೆಗೆ ಮಲಗಿರುತ್ತಿದ್ದೆ. ಬುಧವಾರದ್ದು ಮಾತ್ರ ಬಿಡಿಸಲಾಗಲಿಲ್ಲ.

ಅದು ಬಿಡಿಸಿಕೊಂಡಿದ್ದು ಮುಂದಿನ ಗುರುವಾರ, ಮೆಟ್ರೋದಲ್ಲಿ. ಸಂಜೆ ಆರೂಕಾಲರ ಹೊತ್ತಿಗೆ ಪಟ್ಟಂದೂರು ಅಗ್ರಹಾರದಲ್ಲಿ ನೇರಳೆ ಮಾರ್ಗದ ರೈಲು ಹತ್ತುತ್ತೇನೆ. ಕಾಡುಗೋಡಿಯಿಂದ ಹೊರಟು ನಾಲ್ಕನೆಯ ನಿಲ್ದಾಣ ಅದು, ಬೇಗ ಹತ್ತಿದರೆ ಸೀಟು ಸಿಗುತ್ತದೆ. ಅವತ್ತು ಕೆ.ಆರ್. ಪುರದಲ್ಲಿ ಮಂಡಿ ನೋವಿನ ಅಜ್ಜಿಯೊಬ್ಬರು ಹತ್ತಿದರು, ಎದ್ದು ಸೀಟು ಬಿಟ್ಟುಕೊಟ್ಟೆ. ಕಂಬ ಹಿಡಿದು ನಿಂತು ಹೊರಗೆ ನೋಡಿದೆ. ಬೈಯಪ್ಪನಹಳ್ಳಿ, ಇಂದಿರಾನಗರ, ಹಲಸೂರು. ಎಂ.ಜಿ. ರಸ್ತೆ ದಾಟಿ ರೈಲು ಸುರಂಗಕ್ಕೆ ಇಳಿಯಿತು, ಕಿಟಕಿಯಲ್ಲಿ ನನ್ನದೇ ಮುಖ. ಆಗ ಹೊಳೆಯಿತು: ಎಷ್ಟೋ ತಿಂಗಳಿಂದ ಈ ದಾರಿಯನ್ನೇ ನಾನು ಕಂಡಿರಲಿಲ್ಲ. ಸೀಟು ಸಿಕ್ಕ ಹತ್ತು ನಿಮಿಷಕ್ಕೆ ಕಣ್ಣು ಮುಚ್ಚುತ್ತಿದ್ದೆ, ಎಚ್ಚರವಾಗುತ್ತಿದ್ದುದು ಮೆಜೆಸ್ಟಿಕ್ಕಿನ ನೂಕಾಟಕ್ಕೆ. ಮುಕ್ಕಾಲು ಗಂಟೆ! ಒಂದು ದಿನವೂ ಅದನ್ನು ಪುಸ್ತಕದಲ್ಲಿ ಬರೆದಿರಲಿಲ್ಲ. ಅದು ನಿದ್ದೆ ಎಂದೇ ನನಗನ್ನಿಸಿರಲಿಲ್ಲ, ಪ್ರಯಾಣ ಅಂದುಕೊಂಡಿದ್ದೆ.

ಆ ರಾತ್ರಿ ಹನ್ನೊಂದಕ್ಕೆ ಮಲಗಿದ್ದಷ್ಟೇ ನೆನಪು.

ಆಮೇಲೆ ಓದಿ ತಿಳಿದುಕೊಂಡೆ. ನಿದ್ದೆಯನ್ನು ಎರಡು ಕೆಲಸಗಳು ಸೇರಿ ನಡೆಸುತ್ತವೆ ಎಂದು ಅಲೆಕ್ಸಾಂಡರ್ ಬೋರ್ಬೆಲಿ ಎಂಬ ವಿಜ್ಞಾನಿ 1982ರಲ್ಲಿ ವಿವರಿಸಿದರು. ಒಂದು ಮೈಯೊಳಗಿನ ಗಡಿಯಾರ. ಇನ್ನೊಂದು, ಎಚ್ಚರವಿದ್ದಷ್ಟೂ ಏರುತ್ತಾ ಹೋಗುವ ನಿದ್ದೆಯ ಒತ್ತಡ. ಮಿದುಳಿನಲ್ಲಿ ಹಗಲೆಲ್ಲ ಅಡೆನೊಸಿನ್ ಎಂಬ ವಸ್ತು ಕೂಡಿಕೊಳ್ಳುತ್ತದೆ, ಮಲಗಿದಾಗ ಇಳಿಯುತ್ತದೆ. ಕಾಫಿ ಮಾಡುವುದು ಅದರ ಸುದ್ದಿ ಮಿದುಳಿಗೆ ಮುಟ್ಟದ ಹಾಗೆ ತಡೆಯುವ ಕೆಲಸ. ಸಂಜೆ ಏಳಕ್ಕೆ ಮುಕ್ಕಾಲು ಗಂಟೆ ಮಲಗಿದರೆ ಆ ಒತ್ತಡ ಇಳಿದುಬಿಡುತ್ತದೆ. ಆರಕ್ಕೆ ಬಜ್ಜಿ ತಿಂದವರಿಗೆ ರಾತ್ರಿ ಊಟ ಸೇರದ ಹಾಗೆ. ಅಮ್ಮನಿಗೆ ಫೋನಿನಲ್ಲಿ ಹೇಳಿದೆ. "ದೀಪ ಹಚ್ಚೋ ಹೊತ್ತಲ್ಲಿ ಮಲಗಬೇಡ ಅಂತ ನಿನ್ನ ಅಜ್ಜಿ ಬಡ್ಕೋತಿದ್ರಲ್ಲೇ" ಅಂದರು. ಲಕ್ಷ್ಮಿ ಬರುವ ಹೊತ್ತು ಎಂಬುದು ಅಜ್ಜಿ ಕೊಡುತ್ತಿದ್ದ ಕಾರಣ. ನನಗೆ ಅದೂ ಒಪ್ಪಿಗೆಯೇ.

ಪುಸ್ತಕದಲ್ಲಿ ಇನ್ನೊಂದು ಗೆರೆ ಎಳೆದು "ಮೆಟ್ರೋ" ಎಂದು ಬರೆದೆ. ಈಗ ಸೀಟು ಸಿಕ್ಕರೂ ಬೆನ್ನು ಒರಗಿಸುವುದಿಲ್ಲ, ನಿಲ್ದಾಣಗಳ ಹೆಸರು ಕೇಳುತ್ತಾ ಬರುತ್ತೇನೆ. ನಮ್ಮ ಮೆಟ್ರೋದ ಕನ್ನಡ ಪ್ರಕಟಣೆಗೆ ದನಿ ಕೊಟ್ಟ ಅಪರ್ಣಾ 2024ರ ಜುಲೈನಲ್ಲಿ ತೀರಿಕೊಂಡರು. ಅಷ್ಟು ಸ್ವಚ್ಛವಾದ ಆ ಕನ್ನಡದ ಕೆಳಗೆ ದಿನವೂ ನಿದ್ದೆ ಮಾಡಿಬಿಟ್ಟೆನಲ್ಲ ಎಂದು ಸಂಕಟವಾಗುತ್ತದೆ.

ಕಳೆದ ವಾರ ಮಗಳಿಗೆ ಜ್ವರ. ರಾತ್ರಿಯಿಡೀ ಹಣೆಗೆ ಒದ್ದೆ ಬಟ್ಟೆ ಹಾಕುತ್ತಾ ಕೂತಿದ್ದೆ. ಮರುದಿನ ಸಂಜೆ ಹೂಡಿ ಬರುವಷ್ಟರಲ್ಲಿ ಕಣ್ಣು ಎಳೆಯತೊಡಗಿತು. ಬ್ಯಾಗು ಎದೆಗವಚಿಕೊಂಡು ಮಲಗಿಬಿಟ್ಟೆ. ಬೆಳಿಗ್ಗೆ ಆ ಕಾಲಂನಲ್ಲಿ ಬರೆದೆ: "40 ನಿಮಿಷ. ಬೇಕಿತ್ತು."