ಐಸ್‌ಲ್ಯಾಂಡ್ ದಕ್ಷಿಣ ಕರಾವಳಿ: ಜಲಪಾತ, ಕರಿಮರಳು, ಕಾರಿನ ಬಾಗಿಲು

ಐಸ್‌ಲ್ಯಾಂಡ್‌ಗೆ ಹೊರಟವರೆಲ್ಲ ಕೇಳುವುದು, ಜ್ವಾಲಾಮುಖಿ ಸಿಡಿದರೆ ಏನು ಗತಿ ಅಂತ. ದಕ್ಷಿಣ ಕರಾವಳಿಯಲ್ಲಿ ಅದಕ್ಕಿಂತ ಹೆಚ್ಚು ಹೆದರಬೇಕಾದದ್ದು ಗಾಳಿಗೆ, ಅಲೆಗೆ. ರೇಕ್ಯಾವಿಕ್‌ನಿಂದ ವೀಕ್ ಊರಿಗೆ ಒಂದನೇ ನಂಬರ್ ಹೆದ್ದಾರಿಯಲ್ಲಿ ಸುಮಾರು 185 ಕಿ.ಮೀ., ನಿಲ್ಲದೆ ಹೋದರೆ ಎರಡೂವರೆ ಗಂಟೆ. ಜೂನ್‌ನಲ್ಲಿ ಸರಿಯಾಗಿ ಕತ್ತಲಾಗುವುದೇ ಇಲ್ಲ, ಒಂದೇ ದಿನದಲ್ಲಿ ನೋಡಿ ಮರಳಬಹುದು. ಡಿಸೆಂಬರ್‌ನಲ್ಲಿ ಬೆಳಕಿರುವುದು ನಾಲ್ಕೈದು ಗಂಟೆ. ಆಗ ವೀಕ್‌ನಲ್ಲಿ ಒಂದು ರಾತ್ರಿ ಉಳಿಯುವುದೇ ವಾಸಿ.

ದಾರಿಯಲ್ಲಿ ಮೊದಲು ಸಿಗುವುದು ಸೆಲ್ಯಾಲಾಂಡ್ಸ್‌ಫಾಸ್. ಸುಮಾರು 60 ಮೀಟರ್ ಎತ್ತರದಿಂದ ಬೀಳುವ ಈ ನೀರಿನ ಹಿಂದೆಯೇ ಸುತ್ತಿ ಬರಬಹುದು. ಮಳೆ ಜಾಕೆಟ್ ಒಂದೇ ಸಾಲದು, ಪ್ಯಾಂಟೂ ನೀರು ತಡೆಯುವಂಥದ್ದೇ ಬೇಕು. ಜೀನ್ಸ್ ಒಮ್ಮೆ ನೆಂದರೆ ಆ ಚಳಿಯಲ್ಲಿ ಒಣಗುವುದಿಲ್ಲ. ಕೊಡೆ ತರಲೇಬೇಡಿ. ಚಳಿಗಾಲದಲ್ಲಿ ಹಿಂದಿನ ದಾರಿಗೆ ಮಂಜುಗಡ್ಡೆ ಕಟ್ಟಿ ಅದನ್ನು ಮುಚ್ಚುವುದುಂಟು. ಅಲ್ಲಿಂದ ಬಂಡೆ ಪಕ್ಕದಲ್ಲೇ ಹತ್ತು ನಿಮಿಷ ನಡೆದರೆ ಗ್ಲ್ಯೂಫ್ರಾಬೂಯಿ ಎಂಬ ಇನ್ನೊಂದು ಜಲಪಾತ. ಬಂಡೆಯ ಸೀಳಿನೊಳಗೆ, ತೊರೆಯ ಕಲ್ಲುಗಳ ಮೇಲೆ ಕಾಲಿಟ್ಟು ಒಳಹೋಗಬೇಕು. ಅರ್ಧಕ್ಕರ್ಧ ಜನ ಅದನ್ನು ನೋಡದೇ ಕಾರು ಹತ್ತುತ್ತಾರೆ.

ಮುಂದೆ ಸ್ಕೋಗಾಫಾಸ್. ಎತ್ತರ ಹೆಚ್ಚುಕಮ್ಮಿ ಅಷ್ಟೇ, ಅಗಲ 25 ಮೀಟರ್. ಈ ಬಂಡೆಸಾಲು ಹಿಂದೊಮ್ಮೆ ಸಮುದ್ರದ ಅಂಚಾಗಿತ್ತು. ಈಗ ಕಡಲು ಕೆಲವು ಕಿಲೋಮೀಟರ್ ದೂರ ಸರಿದಿದೆ. ಪಕ್ಕದಲ್ಲಿ 500ಕ್ಕೂ ಹೆಚ್ಚು ಮೆಟ್ಟಿಲು. ಹತ್ತಿದವರು ಕಟ್ಟೆಯಿಂದ ಫೋಟೊ ತೆಗೆದು ಇಳಿದುಬಿಡುತ್ತಾರೆ, ಆದರೆ ನದಿಯ ಪಕ್ಕ ಇನ್ನರ್ಧ ಗಂಟೆ ಮೇಲಕ್ಕೆ ನಡೆದರೆ ಬೇರೆ ಜಲಪಾತಗಳೂ ಸಿಗುತ್ತವೆ, ಜನವೂ ಕಡಿಮೆ.

ರೇನಿಸ್‌ಫ್ಯಾರಾ ಕರಿಮರಳಿನ ತೀರದಲ್ಲಿ ಮಾತ್ರ ಮೈಯೆಲ್ಲ ಕಣ್ಣಾಗಿರಬೇಕು. ಇಲ್ಲಿ ಪ್ರವಾಸಿಗರು ಸತ್ತಿದ್ದಾರೆ, ಈಜಲು ಹೋದವರಲ್ಲ, ದಡದಲ್ಲಿ ನಿಂತಿದ್ದವರು. ತೆರೆದ ಅಟ್ಲಾಂಟಿಕ್‌ನಲ್ಲಿ ಎದ್ದ ಅಲೆಗೆ ನಡುವೆ ತಡೆಯೇ ಇಲ್ಲ, ತೀರದ ನೆಲವೂ ಥಟ್ಟನೆ ಆಳಕ್ಕಿಳಿಯುತ್ತದೆ. ಹಾಗಾಗಿ ಅಲೆಯ ಬಲ ಕುಗ್ಗದೆ ದಡಕ್ಕೇ ಬಂದು ಅಪ್ಪಳಿಸುತ್ತದೆ. ಹತ್ತು ಚಿಕ್ಕ ಅಲೆ ಬಂದುಹೋಗಿ, ಹನ್ನೊಂದನೆಯದು ಮೂವತ್ತು ಹೆಜ್ಜೆ ಒಳಗೆ ನುಗ್ಗಬಹುದು. ಹಿಂದಿರುಗುವಾಗ ಕಾಲಡಿಯ ಉರುಟುಗಲ್ಲುಗಳೂ ನೀರಿನ ಜತೆ ಉರುಳುತ್ತವೆ, ಬಿದ್ದವರಿಗೆ ಏಳಲಾಗುವುದಿಲ್ಲ. ಪಾರ್ಕಿಂಗ್ ಹತ್ತಿರದ ಎಚ್ಚರಿಕೆ ದೀಪ ನೋಡಿಯೇ ಮುಂದೆ ಹೋಗಿ. ಕೆಂಪಿದ್ದರೆ ಮರಳಿಗಿಳಿಯದೆ ಮೇಲಿನ ದಿಬ್ಬದಲ್ಲೇ ನಿಲ್ಲಿ. ದೀಪ ಏನೇ ಹೇಳಲಿ, ಒದ್ದೆ ಮರಳು ತುಳಿಯಬೇಡಿ, ಸಮುದ್ರಕ್ಕೆ ಬೆನ್ನು ಹಾಕಬೇಡಿ. ಸೆಲ್ಫಿಗೆ ಬೆನ್ನು ಹಾಕಲೇಬೇಕಲ್ಲ, ಎಡವಟ್ಟಾಗುವುದೇ ಅಲ್ಲಿ.

ಇದೇ ತೀರದಲ್ಲಿರುವ ಗುಹೆಯ ಪಕ್ಕದ ಕಲ್ಲುಕಂಬಗಳು ಬಸಾಲ್ಟ್. ಲಾವಾ ಆರುತ್ತ ಕುಗ್ಗಿ, ಬಿರುಕು ಬಿಟ್ಟು, ಐದಾರು ಮೂಲೆಯ ಕಂಬಗಳಾಗಿ ನಿಂತಿದೆ. ಮಲ್ಪೆಯ ಸೇಂಟ್ ಮೇರೀಸ್ ದ್ವೀಪ ನೋಡಿದವರಿಗೆ ಇದು ಪರಿಚಿತ ನೋಟ. ಅಲ್ಲಿಯ ಕಲ್ಲಿನಲ್ಲಿ ಸಿಲಿಕಾ ಹೆಚ್ಚು, ಬಣ್ಣ ತಿಳಿ. ತೀರದ ಮರಳು ಕೂಡ ಇದೇ ಕರಿ ಲಾವಾ ಪುಡಿಯಾದದ್ದು.

ಕೆಂಪು ದೀಪದ ದಿನ ಡಿರ್ಹೋಲಾಯ್ ಭೂಶಿರಕ್ಕೆ ಹೋಗಿ. ಸುಮಾರು 120 ಮೀಟರ್ ಎತ್ತರದಿಂದ ಅದೇ ತೀರ ಉದ್ದಕ್ಕೂ ಕಾಣುತ್ತದೆ. ಮೇಯಿಂದ ಆಗಸ್ಟ್‌ವರೆಗೆ ಪಫಿನ್ ಹಕ್ಕಿಗಳೂ ಇರುತ್ತವೆ, ಆದರೆ ಮೊಟ್ಟೆಯಿಡುವ ಕಾಲದಲ್ಲಿ ಪ್ರವೇಶಕ್ಕೆ ನಿರ್ಬಂಧವಿರುತ್ತದೆ.

ಕಾರು ನಿಲ್ಲಿಸುವಾಗ ಮೂತಿ ಗಾಳಿಗೆದುರಾಗಿರಲಿ. ಬೆನ್ನಿಂದ ಬೀಸಿದರೆ, ತೆರೆದ ಬಾಗಿಲು ಕೈತಪ್ಪಿ ಮುಂದಕ್ಕೆ ಮಡಚಿ ಕೀಲೇ ಬಾಗುತ್ತದೆ, ಬಾಡಿಗೆ ಕಾರಿನ ವಿಮೆಯಲ್ಲಿ ಇದು ಸಾಮಾನ್ಯವಾಗಿ ಸೇರಿರುವುದಿಲ್ಲ. ಒಬ್ಬೊಬ್ಬರಾಗಿ, ಎರಡೂ ಕೈಯಲ್ಲಿ ಬಾಗಿಲು ಹಿಡಿದು ಇಳಿಯಿರಿ. ಮರಳುಗಾಳಿ ಬಣ್ಣವನ್ನೇ ಕೆರೆದುಹಾಕುತ್ತದೆ, ಅದಕ್ಕೆ ವಿಮೆ ಬೇರೆ.