ಪೈಲಟ್ ಆಗುವ ದಾರಿ, ಮತ್ತು ಆ ದಾರಿಯಲ್ಲಿ ಅಡ್ಡ ಬರುವ ಕ್ಯಾಮೆರಾ

ಇನ್‌ಸ್ಟಾಗ್ರಾಂ ತೆರೆದರೆ ಸಾಕು, ಭುಜದ ಮೇಲೆ ನಾಲ್ಕು ಪಟ್ಟಿ, ಕಣ್ಣಿಗೆ ಕಪ್ಪು ಕನ್ನಡಕ, ಹಿಂದೆ ಮೋಡದ ಮೇಲಿನ ಸೂರ್ಯೋದಯ. ಪಿಯುಸಿ ಮುಗಿಸಿದವರು ಇದನ್ನು ನೋಡಿ ಪೈಲಟ್ ಆಗಬೇಕೆಂದು ಆಸೆಪಟ್ಟರೆ ತಪ್ಪೇನಿಲ್ಲ. ಆದರೆ ಈ ಕೆಲಸದಲ್ಲಿ ಬೇಕಾದ ಶಿಸ್ತಿಗೂ ರೀಲ್ಸ್‌ಗೆ ಬೇಕಾದ ಚುರುಕಿಗೂ ಹೊಂದುವುದಿಲ್ಲ. ಆ ತಿಕ್ಕಾಟ ಶುರುವಾಗುವುದು ಏರ್‌ಲೈನ್ ಸೇರಿದ ಮೇಲಲ್ಲ, ಫ್ಲೈಯಿಂಗ್ ಸ್ಕೂಲಿನಲ್ಲೇ.

ಶುಲ್ಕಕ್ಕೆ ಒಂದು ರೂಪಾಯಿ ಕಟ್ಟುವ ಮುಂಚೆ ಮೆಡಿಕಲ್ ಮಾಡಿಸಿ. ಮೊದಲು ಕ್ಲಾಸ್ 2 ಎಂಬ ಆರಂಭದ ತಪಾಸಣೆ, ಆಮೇಲೆ ಇನ್ನೂ ಕಟ್ಟುನಿಟ್ಟಾದ ಕ್ಲಾಸ್ 1. ಕ್ಲಾಸ್ 1 ಪರೀಕ್ಷೆ ನಡೆಯುವ ಜಾಗಗಳಲ್ಲಿ ಬೆಂಗಳೂರಿನ ಹಳೇ ಏರ್‌ಪೋರ್ಟ್ ರಸ್ತೆಯ ಇನ್‌ಸ್ಟಿಟ್ಯೂಟ್ ಆಫ್ ಏರೋಸ್ಪೇಸ್ ಮೆಡಿಸಿನ್ ಕೂಡ ಒಂದು. ಬಣ್ಣ ಗುರುತಿಸುವಲ್ಲಿ ದೋಷವಿದ್ದರೆ ಅದು ಇಲ್ಲೇ ಗೊತ್ತಾಗುತ್ತದೆ. ಸಾಲ ಮಾಡಿ ಮುಂಗಡ ಕೊಟ್ಟ ಮೇಲೆ ಗೊತ್ತಾದರೆ ಇಡೀ ಮನೆಗೆ ಪೆಟ್ಟು.

ನಂತರ ವಿಮಾನಯಾನ ನಿಯಂತ್ರಕ ಸಂಸ್ಥೆಯಾದ ಡಿಜಿಸಿಎಯಿಂದ ಕಂಪ್ಯೂಟರ್ ನಂಬರ್, ಅಂದರೆ ಪರೀಕ್ಷಾರ್ಥಿಯ ಗುರುತಿನ ಸಂಖ್ಯೆ, ಪಡೆದು ಪರೀಕ್ಷೆಗೆ ಕೂರಬೇಕು: ನ್ಯಾವಿಗೇಶನ್, ಹವಾಮಾನ, ರೆಗ್ಯುಲೇಶನ್ಸ್, ಟೆಕ್ನಿಕಲ್. ಪಾಸಾಗಲು ಪ್ರತಿಯೊಂದರಲ್ಲೂ ಶೇ 70 ಬೇಕು. ರೇಡಿಯೊ ಪರವಾನಗಿ ಬೇರೆ. ಸಂಬಳಕ್ಕೆ ವಿಮಾನ ಹಾರಿಸಲು ಬೇಕಾದ ಕಮರ್ಷಿಯಲ್ ಲೈಸೆನ್ಸ್‌ಗೆ 18 ವರ್ಷ ತುಂಬಿರಬೇಕು, 200 ಗಂಟೆ ಹಾರಾಟವಾಗಿರಬೇಕು. ಅದರಲ್ಲಿ 100 ಗಂಟೆ ಪೈಲಟ್-ಇನ್-ಕಮಾಂಡ್ (ವಿಮಾನದ ಹೊಣೆ ಹೊತ್ತ ಪೈಲಟ್) ಆಗಿ, 20 ಗಂಟೆ ಕ್ರಾಸ್-ಕಂಟ್ರಿ (ಒಂದು ನಿಲ್ದಾಣದಿಂದ ದೂರದ ಇನ್ನೊಂದಕ್ಕೆ), 10 ಗಂಟೆ ಇನ್‌ಸ್ಟ್ರುಮೆಂಟ್ (ಉಪಕರಣಗಳನ್ನಷ್ಟೇ ನೋಡಿ ಹಾರುವುದು), 5 ಗಂಟೆ ರಾತ್ರಿ ಹಾರಾಟ. ಒಂದು ಕ್ರಾಸ್-ಕಂಟ್ರಿಯಾದರೂ 300 ನಾಟಿಕಲ್ ಮೈಲಿಗೆ ಕಡಿಮೆಯಿರಬಾರದು, ನಡುವೆ ಬೇರೆ ಎರಡು ನಿಲ್ದಾಣಗಳಲ್ಲಿ ಪೂರ್ತಿ ನಿಲ್ಲಿಸಬೇಕು.

ಇಷ್ಟರಲ್ಲಿ ಅರ್ಧ ಕೋಟಿಯ ಆಸುಪಾಸು ಕರಗಿರುತ್ತದೆ. ಏರ್‌ಬಸ್ ಎ320 ಅಥವಾ ಬೋಯಿಂಗ್ 737ರ ಟೈಪ್ ರೇಟಿಂಗ್‌ಗೆ, ಅಂದರೆ ಆ ಮಾದರಿಯ ವಿಮಾನ ಹಾರಿಸುವ ಅರ್ಹತೆಗೆ, ಮತ್ತೆ ದುಡ್ಡು. ಆಮೇಲೆ ನಿಜವಾದ ಪ್ರಯಾಣಿಕ ಹಾರಾಟಗಳಲ್ಲೇ ನಡೆಯುವ ಲೈನ್ ಟ್ರೈನಿಂಗ್, ಬಳಿಕ ಫಸ್ಟ್ ಆಫೀಸರ್, ಅಂದರೆ ಕೋ-ಪೈಲಟ್. ಕ್ಯಾಪ್ಟನ್ ಆಗಲು 1,500 ಗಂಟೆ ಹಾರಾಟ ಕೇಳುವ ಎಟಿಪಿಎಲ್ ಎಂಬ ಮೇಲಿನ ದರ್ಜೆಯ ಲೈಸೆನ್ಸ್ ಬೇಕು, ಅದರ ಮೇಲೆ ಕಂಪನಿಯ ಕಮಾಂಡ್ ಟ್ರೈನಿಂಗ್ ದಾಟಬೇಕು.

‘18 ತಿಂಗಳಲ್ಲಿ ಕೆಲಸ ಗ್ಯಾರಂಟಿ’ ಎನ್ನುವ ಜಾಹೀರಾತುಗಳನ್ನು ನಂಬಬೇಡಿ. ಫ್ಲೈಯಿಂಗ್ ಸ್ಕೂಲು ಕೊಡುವುದು ಹಾರಾಟದ ಗಂಟೆ, ಕೆಲಸವಲ್ಲ. ಆ ಗಂಟೆಯೂ ಮಳೆ, ಮಂಜು, ಬಿಡಿಭಾಗಕ್ಕಾಗಿ ಕಾಯುತ್ತಾ ಹ್ಯಾಂಗರಿನಲ್ಲಿ ನಿಂತ ವಿಮಾನ, ಇನ್‌ಸ್ಟ್ರಕ್ಟರ್ ಕೊರತೆ ಇವುಗಳಿಂದ ತಡವಾಗುತ್ತದೆ. ಸ್ಕೂಲಿಗೆ ಹೋದಾಗ ಬ್ರೋಷರ್ ಬದಿಗಿಟ್ಟು ಕೇಳಿ: ಇವತ್ತು ಹಾರಬಲ್ಲ ವಿಮಾನ ಎಷ್ಟು, ವಿದ್ಯಾರ್ಥಿಗಳು ಎಷ್ಟು, ಕಳೆದ ತಿಂಗಳು ಒಬ್ಬೊಬ್ಬರು ಎಷ್ಟು ಗಂಟೆ ಹಾರಿದರು? ಉತ್ತರವನ್ನು ಅಲ್ಲಿನ ವಿದ್ಯಾರ್ಥಿಗಳಿಂದಲೂ ಪಡೆಯಿರಿ. ದುಡ್ಡನ್ನು ಕಂತಿನಲ್ಲೇ ಕಟ್ಟಿ.

ಇನ್ನು ಕ್ಯಾಮೆರಾ ವಿಷಯ. ಒಬ್ಬರೇ ಹಾರುವ ಸೋಲೊ ಹಾರಾಟದಲ್ಲಿ ಸೆಸ್ನಾ 172 ಎಂಬ ಪುಟ್ಟ ತರಬೇತಿ ವಿಮಾನ ಡೌನ್‌ವಿಂಡ್‌ಗೆ, ಅಂದರೆ ಇಳಿಯುವ ಮುನ್ನ ರನ್‌ವೇಗೆ ಸಮಾನಾಂತರವಾಗಿ ಹಾರುವ ಹಂತಕ್ಕೆ, ಬಂದಾಗ ಕೈಯಲ್ಲಿ ಇರುವುದು ಒಂದೆರಡು ನಿಮಿಷ ಅಷ್ಟೆ. ಇಂಧನ, ಮಿಕ್ಸ್‌ಚರ್ (ಎಂಜಿನ್‌ಗೆ ಹೋಗುವ ಇಂಧನ-ಗಾಳಿಯ ಮಿಶ್ರಣ), ಬೆಲ್ಟ್ ನೋಡಬೇಕು, ರೇಡಿಯೊದಲ್ಲಿ ಕರೆ ಕೊಡಬೇಕು, ಮುಂದಿನ ವಿಮಾನ ಎಲ್ಲಿದೆ ಎಂದು ಹುಡುಕಬೇಕು. ಫೋನ್ ಸ್ಟ್ಯಾಂಡ್ ಸರಿಮಾಡಲು ಹೋದರೆ ಇವುಗಳಲ್ಲಿ ಒಂದು ಬಿಟ್ಟುಹೋಗುತ್ತದೆ. ಯಾವುದು ಬಿಟ್ಟಿತು ಎಂಬುದು ಆ ಹೊತ್ತಿಗೆ ಗೊತ್ತಾಗುವುದೂ ಇಲ್ಲ. 2014ರ ಮೇ 31ರಂದು ಅಮೆರಿಕದ ಕೊಲೊರಾಡೊದಲ್ಲಿ ಸೆಸ್ನಾ 150 ವಿಮಾನವೊಂದು ರಾತ್ರಿ ಹೊತ್ತು, ತಗ್ಗಿದ ಮೋಡದ ನಡುವೆ ನಿಯಂತ್ರಣ ತಪ್ಪಿ ಬಿದ್ದು ಇಬ್ಬರು ಸತ್ತರು. ಸಿಕ್ಕ ಕ್ಯಾಮೆರಾದಲ್ಲಿ ಅದಕ್ಕೂ ಹಿಂದಿನ ಹಾರಾಟಗಳಲ್ಲಿ ಫ್ಲ್ಯಾಶ್ ಹಾಕಿ ಸೆಲ್ಫಿ ತೆಗೆದ ದೃಶ್ಯಗಳಿದ್ದವು. ಫೋನ್ ಬಳಕೆಯಿಂದ ಗಮನ ತಪ್ಪಿದ್ದೂ ಅಪಘಾತಕ್ಕೆ ಒಂದು ಕಾರಣ ಎಂದು ತನಿಖಾ ಸಂಸ್ಥೆ ಹೇಳಿತು.

‘ಕ್ರೂಸ್‌ನಲ್ಲಿ (ಮೇಲೇರಿ ಒಂದೇ ಎತ್ತರದಲ್ಲಿ ಸಾಗುವಾಗ) ಹೇಗೂ ಆಟೊಪೈಲಟ್ ಇರುತ್ತದಲ್ಲ’ ಎನ್ನುವವರು 2014ರ ಫೆಬ್ರವರಿ 9ರ ಘಟನೆಯನ್ನು ಓದಲೇಬೇಕು. ಬ್ರಿಟಿಷ್ ವಾಯುಪಡೆಯ ವಾಯೇಜರ್, ಅಂದರೆ ಎ330 ಮಾದರಿಯ ವಿಮಾನ, 198 ಜನರನ್ನು ಹೊತ್ತು ಅಫ್ಗಾನಿಸ್ತಾನದ ಕಡೆ ಸಾಗಿತ್ತು. ಎತ್ತರ 33,000 ಅಡಿ. ಕೋ-ಪೈಲಟ್ ಎದ್ದು ಹೊರಗೆ ಹೋಗಿದ್ದರು. ಕ್ಯಾಪ್ಟನ್ ಬಳಿಯಿದ್ದ ಕ್ಯಾಮೆರಾ ಆರ್ಮ್‌ರೆಸ್ಟ್‌ಗೂ, ವಿಮಾನವನ್ನು ನಿಯಂತ್ರಿಸುವ ಪಕ್ಕದ ಕೋಲು ಸೈಡ್‌ಸ್ಟಿಕ್‌ಗೂ ನಡುವೆ ಕೂತಿತ್ತು. ಅವರು ಸೀಟನ್ನು ಮುಂದಕ್ಕೆ ಸರಿಸಿದರು. ಆರ್ಮ್‌ರೆಸ್ಟ್ ಕ್ಯಾಮೆರಾವನ್ನು ತಳ್ಳಿತು, ಕ್ಯಾಮೆರಾ ಸೈಡ್‌ಸ್ಟಿಕ್ಕನ್ನು ತಳ್ಳಿತು, ಆಟೊಪೈಲಟ್ ಕಳಚಿತು. 27 ಸೆಕೆಂಡಿನಲ್ಲಿ ವಿಮಾನ 4,400 ಅಡಿ ಕೆಳಗಿಳಿಯಿತು. ಬೆಲ್ಟ್ ಹಾಕದವರು ಚಾವಣಿಗೆ ಬಡಿದರು.

ಕಾಫಿ ಲೋಟಕ್ಕೂ ಇದೇ ಮಾತು ಸಲ್ಲುತ್ತದೆ. 2023ರ ಹೋಳಿಯಂದು ಭಾರತದ ಏರ್‌ಲೈನ್ ಒಂದರ ಕಾಕ್‌ಪಿಟ್‌ನಲ್ಲಿ ನಡು ಕನ್ಸೋಲ್ ಮೇಲೆ ಮುಚ್ಚಳವಿಲ್ಲದ ಲೋಟ ಇಟ್ಟ ಚಿತ್ರ ವೈರಲ್ ಆಗಿ, ಇಬ್ಬರು ಪೈಲಟ್‌ಗಳನ್ನು ರೋಸ್ಟರ್‌ನಿಂದ, ಅಂದರೆ ಡ್ಯೂಟಿ ಪಟ್ಟಿಯಿಂದ, ಇಳಿಸಲಾಯಿತು. ಒಂದು ಲೋಟಕ್ಕೆ ಇಷ್ಟೊಂದು ಯಾಕೆ ಎಂದು ಹಲವರು ಕೇಳಿದ್ದರು. ಯಾಕೆಂದರೆ ಹೀಗೂ ಆಗಿದೆ: 2019ರ ಫೆಬ್ರವರಿಯಲ್ಲಿ ಫ್ರಾಂಕ್‌ಫರ್ಟ್‌ನಿಂದ ಕಾನ್ಕೂನ್‌ಗೆ ಹೊರಟ ಎ330ರಲ್ಲಿ ಆಡಿಯೊ ಪ್ಯಾನೆಲ್ ಮೇಲೆ ಕಾಫಿ ಚೆಲ್ಲಿ, ಪ್ಯಾನೆಲ್ ಕಾದು ಹೊಗೆಯಾಡಿ, ವಿಮಾನವನ್ನು ಐರ್ಲೆಂಡಿನ ಶ್ಯಾನನ್‌ನಲ್ಲಿ ಇಳಿಸಬೇಕಾಯಿತು.

ಹಾಗಾದರೆ ಇನ್‌ಸ್ಟಾಗ್ರಾಂನಲ್ಲಿ ಏನೂ ಹಾಕಬಾರದೇ? ಹಾಕಬಹುದು. ಡ್ಯೂಟಿ ಮುಗಿದ ಮೇಲೆ, ಕಂಪನಿಯ ನೀತಿ ಓದಿ, ಯೂನಿಫಾರ್ಮ್ ಅಥವಾ ಲೋಗೊ ಕಾಣುವುದಾದರೆ ಅನುಮತಿ ಪಡೆದು. ಲೈಸೆನ್ಸ್, ಏರ್‌ಪೋರ್ಟ್ ಪಾಸ್, ರೋಸ್ಟರ್, ತಂಗಿದ ಹೋಟೆಲಿನ ಹೆಸರು, ಪ್ರಯಾಣಿಕರ ಮುಖ ಇವು ಬೇಡವೇ ಬೇಡ. ಪುಣೆ, ಶ್ರೀನಗರ, ಲೇಹ್, ಚಂಡೀಗಢದಂಥ ನಿಲ್ದಾಣಗಳು ವಾಯುಪಡೆಯ ನೆಲೆಗಳು, ಅಲ್ಲಿ ಕ್ಯಾಮೆರಾ ಚೀಲದಿಂದ ಹೊರಗೇ ಬರಬಾರದು. 10,000 ಅಡಿಗಿಂತ ಕೆಳಗೆ ಹಾರಾಟಕ್ಕೆ ಸಂಬಂಧಿಸದ ಮಾತನ್ನೂ ಆಡಬಾರದೆಂಬ ಸ್ಟೆರೈಲ್ ಕಾಕ್‌ಪಿಟ್ ನಿಯಮ ಇರುವಾಗ ಫೋನಿನ ಪ್ರಶ್ನೆಯೇ ಏಳುವುದಿಲ್ಲ.

ನಮ್ಮ ವೃತ್ತಿಗೆ ಹೆಚ್ಚು ನೋವು ತಂದದ್ದು ಸೆಲ್ಫಿಯಲ್ಲ, ಅಪಘಾತದ ಮರುಕ್ಷಣ ಶುರುವಾಗುವ ‘ವಿಶ್ಲೇಷಣೆ’. 2025ರ ಜೂನ್ 12ರಂದು ಅಹಮದಾಬಾದಿನಲ್ಲಿ ಏರ್ ಇಂಡಿಯಾ 171 ವಿಮಾನ ಬಿದ್ದ ಮೇಲೆ, ತನಿಖೆ ಇನ್ನೂ ಮೊದಲ ಹಂತದಲ್ಲಿದ್ದಾಗಲೇ, ತೀರಿಹೋದ ಪೈಲಟ್‌ಗಳ ಮೇಲೆ ತೀರ್ಪು ಕೊಟ್ಟವರಿಗೆ ಲೆಕ್ಕವಿಲ್ಲ. ಉತ್ತರ ಹೇಳಲು ಅವರಿಲ್ಲ, ಕೇಳಿಸಿಕೊಳ್ಳಲು ಅವರ ಮನೆಯವರಿದ್ದಾರೆ. ಯೂನಿಫಾರ್ಮ್ ಹಾಕಿದವರು ಹೇಳಿದರೆ ಊಹೆಯೂ ಪರಿಣತರ ಮಾತಾಗಿ ಹರಡುತ್ತದೆ. ಮನೆಯ ವಾಟ್ಸಾಪ್ ಗುಂಪಿನಲ್ಲಿ ಯಾರಾದರೂ ‘ನೀನು ಪೈಲಟ್ ಅಲ್ವಾ, ಏನಾಗಿತ್ತು ಹೇಳು’ ಎಂದು ಕೇಳಿದರೆ, ಜುಲೈ 12ರಂದು ವಿಮಾನ ಅಪಘಾತಗಳ ತನಿಖಾ ಸಂಸ್ಥೆ ಎಎಐಬಿ ಪ್ರಕಟಿಸಿದ ಪ್ರಾಥಮಿಕ ವರದಿಯನ್ನು ಕಳಿಸಿ. ಅದರಲ್ಲಿ ಇಲ್ಲದ್ದನ್ನು ಸೇರಿಸಬೇಡಿ.